ಐದು ಊರು, ತುಂಬದ ಬ್ಯಾಟರಿ

ಕೂಡ್ಲಿಗಿಯಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಮೋಟರ್‌ಹೋಮ್‌ನಲ್ಲಿ ಈ ಸುತ್ತು ಹಾಕುವಾಗ ಊರಿಂದೂರಿಗೆ ಹೆಚ್ಚೆಂದರೆ ಗಂಟೆಯ ಆಚೀಚೆಯ ದಾರಿ. ಇಲ್ಲಿ ಗಾಡಿಯೊಳಗಿನ ಫ್ಯಾನು, ಫ್ರಿಜ್ಜು ಓಡಿಸುವ ಮನೆ ಬ್ಯಾಟರಿ ಕೆಡುವುದು ಕರೆಂಟಿನ ಕೊರತೆಯಿಂದಲ್ಲ, ಅದು ಒಂದು ದಿನವೂ ಪೂರ್ತಿ ತುಂಬದೇ ಉಳಿಯುವುದರಿಂದ ಎಂದು ನನ್ನ ಲೆಕ್ಕ. ಲೆಡ್-ಆಸಿಡ್ ಬ್ಯಾಟರಿ ಮೊದಲ ಮುಕ್ಕಾಲು ಪಾಲನ್ನು ಬೇಗ ತುಂಬಿಕೊಳ್ಳುತ್ತದೆ. ವೋಲ್ಟೇಜ್ 14.4 ಮುಟ್ಟಿದ ಮೇಲೆ ಎಳೆಯುವ ಕರೆಂಟು ತಗ್ಗುತ್ತಾ ಹೋಗಿ, ಉಳಿದದ್ದು ತುಂಬಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಆಲ್ಟರ್ನೇಟರ್ ಎಷ್ಟೇ ದೊಡ್ಡದಿರಲಿ, ಇಲ್ಲಿ ಅವಸರ ನಡೆಯದು. ಕೊಟ್ಟೂರಿನಲ್ಲಿ ರಾತ್ರಿಯಿಡೀ ಫ್ಯಾನು, ಫ್ರಿಜ್ಜು ಓಡಿಸಿ, ಬೆಳಿಗ್ಗೆ ಮುಂದಿನ ಊರಿನ ತನಕ ಅರೆಬರೆ ಚಾರ್ಜ್ ಮಾಡುತ್ತಾ ಹೋದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಹಲವು, ಡೀಸೆಲ್ ಉಳಿಸಲು ಆಲ್ಟರ್ನೇಟರ್ ವೋಲ್ಟೇಜನ್ನೇ ಇಳಿಸುತ್ತವೆ. ಅಂಥವುಗಳಿಗೆ ಎರಡು ಬ್ಯಾಟರಿಗಳನ್ನು ಜೋಡಿಸುವ ಬರೀ ರಿಲೇ ಸಾಲದು, ವೋಲ್ಟೇಜನ್ನು ಮತ್ತೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು.

ಇಷ್ಟು ಬಿಸಿಲಿನ ಸೀಮೆಯಲ್ಲಿ ಸೋಲಾರ್ ಇದ್ದರೆ ಆಯಿತಲ್ಲ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಕೊನೆಯ ನಿಧಾನದ ಚಾರ್ಜಿಗೆ ಪ್ಯಾನೆಲ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮದಲ್ಲಿ ಹಕ್ಕಿ ನೋಡುವುದು ಬೆಳಿಗ್ಗೆ, ಸಂಜೆ. ನಡುವಿನ ಖಾಲಿ ಹೊತ್ತು ಬ್ಯಾಟರಿಯದು. ಆದರೆ ಬಿಸಿಯಾದ ಪ್ಯಾನೆಲ್ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಕಳೆದುಕೊಳ್ಳುತ್ತದೆ, ನೆರಳಿಗೆ ನಿಲ್ಲಿಸಿದರೆ ಒಂದು ಕೊಂಬೆಯೇ ಪ್ಯಾನೆಲ್‌ನ ದೊಡ್ಡ ಪಾಲನ್ನು ಮಲಗಿಸುತ್ತದೆ. ಬ್ಯಾಟರಿಗೂ 40 ಡಿಗ್ರಿಯಲ್ಲಿ 14.4 ಅತಿಯಾಯಿತು, 14ರ ಆಸುಪಾಸು ಸಾಕು. ಟೆಂಪರೇಚರ್ ಸೆನ್ಸರ್ ಇಲ್ಲದ ಸೋಲಾರ್ ಕಂಟ್ರೋಲರ್ ಇದನ್ನರಿಯದೆ ಬ್ಯಾಟರಿಯ ನೀರು ಖಾಲಿ ಮಾಡುತ್ತದೆ. ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ ನಿಜ, ಮುಚ್ಚಳ ತೆಗೆದು ನೋಡುವವರು ಮಾತ್ರ ಕಡಿಮೆ.

ಲಿಥಿಯಂ ಹಾಕಿಸಿದರೆ ಈ ತಕರಾರೇ ಇಲ್ಲ ಎಂಬ ಮಾತು ಇನ್ನೂ ಗಟ್ಟಿ. ಲಿಥಿಯಂ ಐರನ್ ಫಾಸ್ಫೇಟ್‌ಗೆ ಅರ್ಧ ತುಂಬಿದ್ದರೂ ಹಾನಿಯಿಲ್ಲ. ನನ್ನ ವಾದ ಅದಕ್ಕೆ ಅನ್ವಯಿಸದು. ಆದರೆ ಹೆಚ್ಚುಕಡಿಮೆ ಕೊನೆವರೆಗೂ ತಗ್ಗದ ಅದರ ಹಸಿವು ಆಲ್ಟರ್ನೇಟರನ್ನು ಕಾಯಿಸುತ್ತದೆ. ಭರತ ಹುಣ್ಣಿಮೆಯ ಕಾಲಕ್ಕೆ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ದಾರಿಯಲ್ಲಿ, ಎತ್ತಿನ ಬಂಡಿ, ಟ್ರ್ಯಾಕ್ಟರುಗಳ ಹಿಂದೆ ಎಂಜಿನ್ ನಿಂತಲ್ಲೇ ಗುರುಗುಟ್ಟುವಾಗ ತಂಪು ಮಾಡುವ ಗಾಳಿಯೂ ಇರುವುದಿಲ್ಲ. ಅಲ್ಲಿಯೂ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕು.

ಬ್ಯಾಟರಿಯನ್ನು ಪೂರ್ತಿ ತುಂಬಿಸಲು ಹರಪನಹಳ್ಳಿಯಲ್ಲಿ ಲಾಡ್ಜಿನ ಸಾಮಾನ್ಯ ಪ್ಲಗ್ಗೇ ಸಾಕು. 20 ಆಂಪ್ ಚಾರ್ಜರ್ ಎಳೆಯುವುದು ಸುಮಾರು 300 ವಾಟ್. ಅರ್ಥಿಂಗ್ ಪರೀಕ್ಷಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಚಾರ್ಜರ್ ತೆಗೆದು, ಲೋಡ್ ಇಲ್ಲದೆ ಕೆಲ ಗಂಟೆ ಬಿಟ್ಟು ಅಳೆದಾಗ ಲೆಡ್-ಆಸಿಡ್ 12.7 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ ಎಂದರ್ಥ, ಹತ್ತಿರದ ಬಾಗಳಿಯ ಕಲ್ಲೇಶ್ವರ ದೇವಸ್ಥಾನಕ್ಕೆ ಹೊರಡಬಹುದು. 12.4 ಬಂದರೆ ಅದೇ ಲಾಡ್ಜಿನಲ್ಲಿ ಇನ್ನೊಂದು ರಾತ್ರಿ.