ಮಾಳ, ಮಳೆ ಮತ್ತು ತಂತಿಯ ವಿಮಾನ

ಧಾರವಾಡದ ರೈಲುನಿಲ್ದಾಣದ ಮಗ್ಗುಲಲ್ಲಿಯೇ ಹಬ್ಬಿಕೊಂಡಿರುವ ಬಡಾವಣೆ ಮಾಳಮಡ್ಡಿ. ಮಾಳವೆಂದರೆ ತೆರೆದ ಬಯಲು. ಮಡ್ಡಿಯೆಂದರೆ ಗಡುಸು ನೆಲದ ದಿನ್ನೆ. ಊರು ಬೆಳೆದು ಬಯಲು ಕರಗಿದರೂ ಹೆಸರು ಹಳೆಯ ನೆಲವನ್ನು ಮರೆತಿಲ್ಲ. ಹೆಂಚಿನ ಮನೆಗಳ ನಡುವೆ ಈಗ ಮಹಡಿಗಳು ತಲೆಯೆತ್ತಿವೆ. ಕೆ.ಇ. ಬೋರ್ಡಿನ ಶಾಲೆಗೆ ಹೋಗುವ ಮಕ್ಕಳ ಕಲರವ, ಗುಡಿಯ ಗಂಟೆ, ರೈಲಿನ ಕೂಗು ಇವೆಲ್ಲ ಒಂದರೊಡನೊಂದು ಬೆರೆಯುವ ಕೇರಿಯಿದು.

ಮಾಳವಿಲ್ಲದೆ ಆಡಲಾಗದ ಆಟವೊಂದುಂಟು. ಅದು ತಂತಿಯಿಂದ ನಡೆಸುವ ಮಾದರಿ ವಿಮಾನದ ಆಟ. ಅಮೆರಿಕದ ಜಿಮ್ ವಾಕರ್ 1940ರ ದಶಕದಲ್ಲಿ ‘ಯು-ಕಂಟ್ರೋಲ್’ ಎಂಬ ಹೆಸರಿನಿಂದ ಇದನ್ನು ಪ್ರಚಾರಕ್ಕೆ ತಂದರು. ನಮ್ಮಲ್ಲಿ ಎನ್.ಸಿ.ಸಿ. ವಾಯುವಿಭಾಗದ ತರಬೇತಿಯಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ಹಾರಿಸುವವನು ನಡುವೆ ನಿಲ್ಲುತ್ತಾನೆ. ಅವನ ಹಿಡಿಕೆಯಿಂದ ವಿಮಾನದವರೆಗೆ ಸುಮಾರು 65 ಅಡಿ ಉದ್ದದ ಎರಡು ಉಕ್ಕಿನ ಎಳೆಗಳು. ಮಣಿಕಟ್ಟು ಬಾಗಿದಂತೆ ವಿಮಾನ ಏರುತ್ತದೆ, ಇಳಿಯುತ್ತದೆ, ಲಾಗ ಹಾಕುತ್ತದೆ.

ನೋಡುವವರಿಗೆ ವಿನೋದ, ಎಂಜಿನ್ನಿಗೆ ಮಾತ್ರ ಸಂಕಟ. ಐದು ಸೆಕೆಂಡಿಗೊಂದು ಸುತ್ತು ಹಾಕುವ ವಿಮಾನದ ಮೇಲೆ ಗುರುತ್ವಾಕರ್ಷಣೆಯ ಮೂರು ಪಟ್ಟಿಗೂ ಮಿಕ್ಕಿದ ಬಲ ಹೊರಮುಖವಾಗಿ ಎಳೆಯುತ್ತದೆ. ತಂತಿಯನ್ನು ಬಿಗಿಯಾಗಿಡುವ ಆ ಸೆಳೆತವೇ ತೊಟ್ಟಿಯೊಳಗಿನ ಇಂಧನವನ್ನೂ ಹೊರಗೋಡೆಗೆ ತಳ್ಳುತ್ತದೆ. ಅದಕ್ಕಾಗಿಯೇ ಹೀರುವ ಕೊಳವೆಯ ಬಾಯನ್ನು ತೊಟ್ಟಿಯ ಹೊರಮೂಲೆಯಲ್ಲಿ ಇಡುತ್ತಾರೆ. ಆದರೆ ಇಂಧನ ಇಳಿಯುತ್ತ ಬಂದಂತೆ ಅದರ ಒತ್ತಡವೂ ಕುಗ್ಗುತ್ತದೆ. ಎಂಜಿನ್ನಿಗೆ ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾಗಿ, ಓಟ ಏರಿ, ಮೈ ಕಾಯುತ್ತದೆ. ಲಾಗದ ನೆತ್ತಿಯಲ್ಲಿ ಎಂಜಿನ್ ನಿಂತಿತೆಂದರೆ ತಂತಿ ಸಡಿಲುತ್ತದೆ. ತಿಂಗಳುಗಟ್ಟಲೆಯ ಕೈಕೆಲಸ ಕ್ಷಣದಲ್ಲಿ ನೆಲಕ್ಕೆ ಬಡಿಯುತ್ತದೆ.

ಇಂಧನದ ಪಂಪು ಇದಕ್ಕೊಂದು ಪರಿಹಾರ. ಕೊಂತ ಮೇಲೆ ಕೆಳಗೆ ಆಡಿದಂತೆ ಎಂಜಿನ್ನಿನ ಹೊಟ್ಟೆಯಲ್ಲಿ ಒತ್ತಡ ಏರಿಳಿಯುವುದಷ್ಟೆ? ಆ ಮಿಡಿತಕ್ಕೆ ಪಂಪಿನ ತೆಳುಪೊರೆ ಕುಣಿಯುತ್ತದೆ. ಒಂದು ಕವಾಟ ತೊಟ್ಟಿಯಿಂದ ಎಳೆದುಕೊಂಡರೆ ಇನ್ನೊಂದು ಎಂಜಿನ್ನಿನ ಕಡೆಗೆ ನೂಕುತ್ತದೆ. ತೊಟ್ಟಿ ತುಂಬಿರಲಿ, ಬರಿದಾಗುತ್ತಿರಲಿ, ಪೂರೈಕೆ ಬಹುಮಟ್ಟಿಗೆ ಒಂದೇ ಸಮವಾಗಿರುತ್ತದೆ. ಆದರೆ ಪಂಪೆಂದರೆ ತುಸು ಹೆಚ್ಚಿನ ತೂಕ. ಹೆಚ್ಚಿನ ಜೋಪಾನವೂ ಹೌದು. ಮಣ್ಣಿನ ಒಂದು ಕಣ ಕವಾಟದಲ್ಲಿ ಸಿಕ್ಕಿದರೆ ಸಾಕು, ಎಲ್ಲವೂ ಕೆಟ್ಟಿತು. ಸೋಸುಬಲೆ ಇಲ್ಲದೆ ಪಂಪನ್ನು ನಂಬುವಂತಿಲ್ಲ.

ಈ ಆಟವನ್ನು ಮಾಳಮಡ್ಡಿಗೆ ತರಹೊರಟವನು ಧಾರವಾಡದ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಊರು. ಗಾಳಿ ತುಸು ತೆಳು. ಕಾರವಾರದ ಕಡಲಂಚಿನಲ್ಲಿ ಹದಗೊಳಿಸಿದ ಇಂಧನದ ಸೂಜಿಯನ್ನು ಇಲ್ಲಿ ಮತ್ತೆ ಕೊಂಚ ಬಿಗಿಯಬೇಕಾದೀತು. ಇಂಧನದ ಬಹುಭಾಗ ಮೆಥನಾಲ್. ಅದು ಗಾಳಿಯ ತೇವವನ್ನು ಹೀರುವ ವಸ್ತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿದ್ದರೆ ಇಂಧನ ಕೆಟ್ಟಂತೆಯೇ. ಇನ್ನು ಅದರಲ್ಲಿ ಬೆರೆಸುವ ಎಣ್ಣೆ ನಮ್ಮ ಅಜ್ಜಿಯಂದಿರ ಔಡಲೆಣ್ಣೆಯೇ! ಕೂಸಿನ ನೆತ್ತಿಯನ್ನು ತಂಪಾಗಿಡಲು ಅವರು ಒತ್ತುತ್ತಿದ್ದ ಎಣ್ಣೆ, ಕಾದ ಲೋಹವನ್ನೂ ಸವೆತದಿಂದ ಕಾಯುತ್ತದೆ. ಆದರೆ ಆಟ ಮುಗಿದ ಮೇಲೆ ತೊಳೆಯದೆ ಬಿಟ್ಟರೆ ಅಂಟಾಗಿ ಗಟ್ಟಿಕೊಂಡು ಪಂಪಿನ ಪೊರೆಯನ್ನೇ ಹಿಡಿದುಬಿಡುತ್ತದೆ.

ಇಷ್ಟೆಲ್ಲ ಹದಗೊಂಡರೂ ಉಳಿಯುವ ಪ್ರಶ್ನೆ ಜಾಗದ್ದು. ವಿಮಾನ ಸುತ್ತಲು 130 ಅಡಿಗೂ ಹೆಚ್ಚು ಅಗಲದ ವರ್ತುಲ ಬೇಕು; ನೋಡುವವರು ಅದರಿಂದಲೂ ದೂರ ನಿಲ್ಲಬೇಕು. ಮೇಲೆ ವಿದ್ಯುತ್ತಿನ ತಂತಿ ಹಾಯ್ದಿರಕೂಡದು. ಈಗ ಧಾರವಾಡದ ರೈಲುದಾರಿಯ ಮೇಲೂ 25,000 ವೋಲ್ಟಿನ ತಂತಿಯಿದೆ. 2023ರ ಜೂನ್‌ನಲ್ಲಿ ವಂದೇ ಭಾರತ್ ರೈಲು ಬೆಂಗಳೂರಿನಿಂದ ಈ ನಿಲ್ದಾಣಕ್ಕೆ ಬಂದದ್ದು ಆ ವಿದ್ಯುತ್ತಿನ ಬಲದಿಂದಲೇ. ಅದರ ಸಮೀಪಕ್ಕೆ ಉಕ್ಕಿನ ಎಳೆ ಸುಳಿದರೂ ಹಿಡಿಕೆ ಹಿಡಿದವನ ಪ್ರಾಣಕ್ಕೆ ಎರವು. ಆದುದರಿಂದ ನಿಲ್ದಾಣದ ನೆರೆಯಲ್ಲಿ ಈ ಆಟ ಸಲ್ಲದು. ಹಳಿಯಿಂದಲೂ ಕಂಬಗಳಿಂದಲೂ ದೂರವಾದ ಬಯಲನ್ನೇ ಅರಸಬೇಕು.

ಅಂಥ ಬಯಲು ಎಷ್ಟು ಉಳಿದಿದೆ? ಇಂಧನದ ಕೊರತೆಯನ್ನು ಪಂಪು ನೀಗಿಸೀತು. ನೆಲದ ಕೊರತೆಯನ್ನು ನೀಗಿಸುವ ಯಂತ್ರವಿಲ್ಲ. ಮಾಳಮಡ್ಡಿಯ ಮನೆಗಳಲ್ಲಿ ಬೆಳೆಯುವ ಹುಡುಗ ಹುಡುಗಿಯರಿಗಾಗಿ ಊರವರು ಒಂದಿಷ್ಟು ಮಾಳವನ್ನು ಮಾಳವಾಗಿಯೇ ಉಳಿಸಿಕೊಟ್ಟರೆ ವಿಮಾನವೂ ಹಾರೀತು, ಹೆಸರೂ ಸಾರ್ಥಕವಾದೀತು.