ಯಾರ ಮಗುವಿಗೆ ಎಷ್ಟು ಬೆಲೆ?

ಪತ್ತೇದಾರಿ ಕಾದಂಬರಿ ಅಂದ್ರೆ ಸಾಹಿತ್ಯದ ಪಂಡಿತರು ಮೂಗು ಮುರೀತಾರೆ. ಅವರ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕುವುದಿಲ್ಲ. ಅಕ್ಷರ ಕಂಡ ಮೊದಲ ತಲೆಮಾರಿನವರಾದ ನಮಗೆ ಓದಿನ ರುಚಿ ಹತ್ತಿಸಿದ್ದು ಮಾತ್ರ ರಟ್ಟು ಕಿತ್ತುಹೋದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇ. ಆದ್ದರಿಂದ ಜಪಾನಿನ ಅಕಿರ ಕುರೊಸಾವ ಅಮೆರಿಕದ ಒಂದು ಪೊಲೀಸ್ ಕಾದಂಬರಿಯನ್ನು ಕೈಗೆತ್ತಿಕೊಂಡು ಏನು ಮಾಡಿದ ಅನ್ನೋದು ನಮಗೆ ಮುಖ್ಯ.

ಕಾದಂಬರಿ ಎಡ್ ಮೆಕ್‌ಬೇನ್ 1959ರಲ್ಲಿ ಬರೆದ 'ಕಿಂಗ್ಸ್ ರ‍್ಯಾನ್ಸಮ್'. ಸಿನಿಮಾ ಬಂದದ್ದು 1963ರಲ್ಲಿ. ಅದರ ಜಪಾನಿ ಹೆಸರಿನ ಅರ್ಥ 'ಸ್ವರ್ಗ ಮತ್ತು ನರಕ'. ಶೂ ಕಂಪನಿಯ ಧಣಿಯ ಮಗನನ್ನು ಕದಿಯಲು ಬಂದವರು ತಪ್ಪಿ ಅವನ ಕಾರು ಡ್ರೈವರನ ಮಗನನ್ನು ಎತ್ತಿಕೊಂಡು ಹೋಗ್ತಾರೆ. ಆದರೂ ದುಡ್ಡು ಧಣಿಯೇ ಕೊಡಬೇಕು ಅಂತಾರೆ. ಆಳಿನ ಮಗುವಿಗಾಗಿ ಧಣಿ ತನ್ನ ಮನೆಮಠ ಕಳಕೋಬೇಕಾ? ಪುಸ್ತಕದಿಂದ ಕುರೊಸಾವ ತೆಗೆದುಕೊಂಡ ಬೀಜ ಇಷ್ಟೆ. ಮೆಕ್‌ಬೇನನ ಧಣಿ ಕೊಡಲ್ಲ ಅಂತಾನೆ. ಕುರೊಸಾವನ ಗೊಂಡೊ ಮೊದಲು ಕೊಡಲ್ಲ ಅಂದವನು ಆಮೇಲೆ 3 ಕೋಟಿ ಯೆನ್ ಕೊಟ್ಟು ದಿವಾಳಿಯಾಗುತ್ತಾನೆ.

ಹೆಚ್ಚುಕಮ್ಮಿ ಮೊದಲ ಒಂದು ಗಂಟೆ ಕ್ಯಾಮರಾ ಗುಡ್ಡದ ಮೇಲಿನ ಆ ಬಂಗಲೆಯ ನಡುಮನೆ ಬಿಟ್ಟು ಕದಲುವುದೇ ಅಪರೂಪ. ಡ್ರೈವರ್ ಆವೋಕಿ ಮೂಲೆಯಲ್ಲಿ ಬೆನ್ನು ಬಾಗಿಸಿ ನಿಂತಿರುತ್ತಾನೆ. ಧಣಿಯ ಕಾಲಿಗೆ ಬೀಳುತ್ತಾನೆ. ಆ ಬೆನ್ನು ನಮಗೆ ಗೊತ್ತು. ನಮ್ಮಪ್ಪ ಊರ ಧಣಿಯೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ತಂಗಿಗೆ ಜ್ವರ ನೆತ್ತಿಗೇರಿದ ದಿನ ನೂರಿನ್ನೂರು ಕೇಳಕ್ಕೆ ಹೋಗಿ ಜಗುಲಿ ಕೆಳಗೆ ಹೀಗೇ ನಿಂತಿದ್ದ. "ನಾಳಿಕ್ ಬಾರ್ಲಾ" ಅಂದ್ರು. ಸಿನಿಮಾದಲ್ಲಿ ಮಗ ಬದುಕಿ ಬಂದ ಮೇಲೂ ಆವೋಕಿಯ ಬೆನ್ನು ನೆಟ್ಟಗಾಗುವುದಿಲ್ಲ. ಋಣ ತೀರಿಸಬೇಕಲ್ಲ! ಹೆದರಿದ ಕೂಸನ್ನೇ ಕಾರಲ್ಲಿ ಕೂರಿಸಿಕೊಂಡು ಕಳ್ಳರ ಅಡಗುತಾಣ ಹುಡುಕಿಸುತ್ತಾನೆ.

ಇನ್ನೊಂದು ಕಡೆ ದುಡ್ಡಿನ ಚೀಲದೊಳಗೆ ಪೊಲೀಸರ ಗುಳಿಗೆ ಅಡಗಿಸಬೇಕಾಗುತ್ತದೆ. ಸುಟ್ಟರೆ ಬಣ್ಣದ ಹೊಗೆ ಬರುವಂಥದು. ಗೊಂಡೊ ತನ್ನ ಹಳೆಯ ಹತಾರಗಳನ್ನು ತಂದು ನೆಲದ ಮೇಲೆ ಕೂತು ಚರ್ಮ ಹೊಲಿಯುತ್ತಾನೆ. ಶೂ ಹೊಲಿಯುತ್ತಲೇ ಮೇಲೆ ಬಂದವನು ಅವನು. ಜಪಾನಿನಲ್ಲೂ ಚರ್ಮದ ಕೆಲಸದವರನ್ನು ಊರಾಚೆ ಇಟ್ಟ ಚರಿತ್ರೆ ಇದೆ. ಸಿನಿಮಾ ಆ ಮಾತು ಎತ್ತುವುದಿಲ್ಲ. ಆದರೆ ಚರ್ಮ ಬಲ್ಲ ಕೈ ಕೆಲಸಕ್ಕೆ ಕೂತಾಗ ಕೋಣೆಯಲ್ಲಿದ್ದ ಪೊಲೀಸರೆಲ್ಲ ಸುಮ್ಮನಾಗಿ ನೋಡ್ತಾರೆ. ನಮ್ಮ ಕೇರಿಯ ಕೈಗಳನ್ನು ಯಾರು ಹಾಗೆ ನೋಡಿದ್ದಾರೆ?

ಆಮೇಲೆ ಕ್ಯಾಮರಾ ಗುಡ್ಡ ಇಳಿದು ಯೊಕೊಹಾಮಾದ ಕೊಳೆಗೇರಿಗೆ ಬರುತ್ತದೆ. ಅಪಹರಣಕಾರ ಅಲ್ಲಿನ ಗೂಡಿನಂಥ ಕೋಣೆಯಲ್ಲಿ ಬೇಯುತ್ತಾ ಮೇಲಿನ ತಂಪು ಬಂಗಲೆ ನೋಡಿ ನೋಡಿ ಹಗೆ ಬೆಳೆಸಿಕೊಂಡ ಎಳೆಯ ಡಾಕ್ಟರು. ಅವನ ಸಿಟ್ಟಿಗೆ ಕಾರಣ ಉಂಟು. ಆದರೆ ಅವನು ಕೈ ಹಾಕಿದ್ದು ಡ್ರೈವರನ ಕೂಸಿಗೆ, ಕೊಂದದ್ದು ತನಗೆ ನೆರವಾದ ಬಡವರನ್ನೇ. ಕೆಳಗಿನವನ ಸಿಟ್ಟು ದಿಕ್ಕು ತಪ್ಪಿದರೆ ಕೆಳಗಿನವರನ್ನೇ ಸುಡುತ್ತದೆ.

ನಮ್ಮ ತಕರಾರು ಒಂದೇ. ಮಕ್ಕಳ ಕಳ್ಳರಿಗೆ ಕಾನೂನು ಕೊಡುವ ಶಿಕ್ಷೆ ಸಾಲದು ಎಂಬ ಸಿಟ್ಟು ಕುರೊಸಾವನಿಗಿತ್ತು. ಸಿನಿಮಾದ ಪೊಲೀಸರೂ ಅವನಿಗೆ ಗಲ್ಲು ಆಗಲೇಬೇಕು ಅಂತ, ಗುರುತು ಸಿಕ್ಕರೂ ಹಿಡಿಯದೆ ಹಿಂಬಾಲಿಸುತ್ತಾರೆ. ಅಷ್ಟರೊಳಗೆ ಅವನು ಅಮಲಿಗೆ ಬಿದ್ದ ಒಬ್ಬ ಹೆಂಗಸಿನ ಮೇಲೆ ಶುದ್ಧ ಹೆರಾಯಿನ್ ಪರೀಕ್ಷೆ ಮಾಡಿ ಕೊಲ್ಲುತ್ತಾನೆ. ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಯಾರೂ ಅಳುವುದಿಲ್ಲ. ಡ್ರೈವರನ ಮಗುವಿಗೆ 3 ಕೋಟಿ ಬೆಲೆ ಬಂತು, ಸರಿ. ಅವಳಿಗೆ?

ಇದೇ ಕಥೆಯನ್ನು 2025ರಲ್ಲಿ ಅಮೆರಿಕದ ಕಪ್ಪು ನಿರ್ದೇಶಕ ಸ್ಪೈಕ್ ಲೀ ನ್ಯೂಯಾರ್ಕಿಗೆ ಒಯ್ದು ಮತ್ತೆ ಸಿನಿಮಾ ಮಾಡಿದ. ಕಥೆ ಊರೂರು ಸುತ್ತುತ್ತಿದೆ. ಗೆಳೆಯರೇ, ಅದು ನಮ್ಮೂರಿಗೂ ಬರಲಿ. ನಾವು ಬರೆಯುವಾಗ ಧಣಿಯ ನಡುಮನೆಯಿಂದ ಸುರು ಮಾಡೋದು ಬೇಡ. ಸತ್ತ ಆ ಹೆಂಗಸಿನ ಹೆಸರೇನು ಅಂತ ಮೊದಲು ಕೇಳೋಣ.