ನಾಲ್ಕು ತಾಲ್ಲೂಕು, ಬಯಲೇ ಬಿಡಾರ

ಪರೀಕ್ಷೆ ಮುಗಿದ ಮೇಲೆ ನಾಲ್ಕೈದು ದಿನ ಊರೂರು ಸುತ್ತಿ ಬರಬೇಕೆಂಬ ಆಸೆ ಯಾವ ವಿದ್ಯಾರ್ಥಿಗೆ ಇರುವುದಿಲ್ಲ? ಲೆಕ್ಕ ಹಾಕಿದರೆ ಬಸ್ಸಿನ ಖರ್ಚು ದೊಡ್ಡದಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಆ ಖರ್ಚೂ ಇಲ್ಲವಾಯಿತು. ಮಂಡಕ್ಕಿ, ಮಿರ್ಚಿಯಲ್ಲಿ ಹೊಟ್ಟೆಯೂ ತುಂಬುತ್ತದೆ. ಜೇಬು ಬರಿದು ಮಾಡುವುದು ರಾತ್ರಿ. ಲಾಡ್ಜಿಗೆ ಬಾಡಿಗೆ ಕೊಟ್ಟರೆ ಮರುದಿನದ ಪ್ರವಾಸಕ್ಕೆ ದುಡ್ಡಿರುವುದಿಲ್ಲ. ಹಾಗಾದರೆ ಬಯಲಲ್ಲೇ ಮಲಗಿದರೆ? ಈ ಮಾತು ಬಂದ ಕೂಡಲೇ ಮಗನ ಮುಖ ಅರಳುತ್ತದೆ, ತಾಯಿಯ ಮುಖ ಬಾಡುತ್ತದೆ. ಇಬ್ಬರದೂ ನ್ಯಾಯವೇ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಒಂದು ಸುತ್ತು ಹಾಕಿದರೆ ಈ ಪ್ರಶ್ನೆಗೆ ಹಳೆಯ ಉತ್ತರಗಳು ಸಿಗುತ್ತವೆ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು. ಒಂದು ಕಡೆ ಅಡಿಕೆ ತೋಟ, ಭತ್ತದ ಗದ್ದೆ. ಇನ್ನೊಂದು ಕಡೆ ಮಳೆಗೆ ಕಾದು ಕೂರುವ ಬೆದ್ದಲು. ಆದರೆ ಹೊರಗೆ ಮಲಗುವುದು ಇಲ್ಲಿ ಎಲ್ಲೂ ಹೊಸ ಸಾಹಸವಲ್ಲ. ಅದಕ್ಕೊಂದು ಪದ್ಧತಿಯೇ ಇದೆ.

ಚನ್ನಗಿರಿಯಿಂದ ಶುರುಮಾಡೋಣ. ಬೆಟ್ಟದ ಮೇಲಿನ ಕೋಟೆ, ಅಲ್ಲಿನ ರಂಗನಾಥಸ್ವಾಮಿ ಗುಡಿ ನೋಡಿ ಇಳಿದು, ಸೂಳೆಕೆರೆ ಎಂದೇ ಹೆಸರಾದ ಶಾಂತಿಸಾಗರದ ಏರಿಯ ಮೇಲೆ ಸಂಜೆ ಕಳೆಯಬಹುದು. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ 16ನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ. ನೀರಿನ ನಡುವೆ ನಿಂತ ವಸಂತ ಮಂಟಪವನ್ನು ಎಲ್ಲರೂ ನೋಡುತ್ತಾರೆ. ಪಕ್ಕದ ಎತ್ತರದ ಕಟ್ಟಡವನ್ನು ನೋಡುವವರು ಕಡಿಮೆ. ಅದರ ಹೆಸರು ಮುಸಾಫಿರಖಾನೆ, ಅಂದರೆ ದಾರಿಹೋಕರ ತಂಗುದಾಣ. ದಣಿದು ಬಂದ ಪರಸ್ಥಳದವನಿಗೆ ಒಂದು ಸೂರು, ಒಂದು ಹೊಂಡದ ನೀರು ಸಿಗಬೇಕೆಂಬುದು ಆ ಹೆಸರಿನಲ್ಲೇ ಇದೆ. ಇಂದು ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಸಂಜೆಯಾದ ಮೇಲೆ ಅಲ್ಲಿ ಉಳಿಯುವಂತಿಲ್ಲ.

ಆದರೆ ಮುಸಾಫಿರಖಾನೆ ಮಾಡುತ್ತಿದ್ದ ಕೆಲಸ ನಿಂತಿಲ್ಲ. ಅದನ್ನೀಗ ಅರಳಿಕಟ್ಟೆ, ಗುಡಿಯ ಪೌಳಿ, ಮಠದ ಜಗಲಿ ಮಾಡುತ್ತಿವೆ. ತುಂಗಭದ್ರೆಯ ದಡದ ಹೊನ್ನಾಳಿಗೆ ಹೋದರೆ ಹಿರೇಕಲ್ಮಠವಿದೆ, ರಾಯರ ಮಠವೂ ಇದೆ. ಇಂಥ ಕಡೆ ಹಗಲಿರುವಾಗಲೇ ಹೋಗಿ, ವಿಚಾರಿಸಿ, ಒಪ್ಪಿಗೆ ಪಡೆದವರಿಗೆ ಮಲಗಲು ಒಂದು ಮೂಲೆ ಸಿಕ್ಕೀತು. ಇಲ್ಲವೆಂದರೆ ಬೇಸರಪಡದೆ ಕೊನೆಯ ಬಸ್ಸು ಹಿಡಿಯುವಷ್ಟು ಹೊತ್ತು ಕೈಯಲ್ಲಿರಬೇಕು.

ಹೊನ್ನಾಳಿಯಿಂದ ನ್ಯಾಮತಿ ಹತ್ತಿರ. ಬೆಳಗುತ್ತಿ ಬಳಿಯ ಗುಡ್ಡದಲ್ಲಿರುವ ತೀರ್ಥರಾಮೇಶ್ವರವನ್ನು ನೋಡಿದವರು ಸೂರಗೊಂಡನಕೊಪ್ಪಕ್ಕೂ ಹೋಗಿ ಬರಬೇಕು. ಇದು ಬಂಜಾರರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ಅವರ ಜಯಂತಿಗೆ ಮಾಲಾಧಾರಿಗಳು ದೂರದ ಜಿಲ್ಲೆಗಳಿಂದ ದಿನಗಟ್ಟಲೆ ನಡೆದು ಬರುತ್ತಾರೆ. ದಾರಿಯಲ್ಲಿ ಕತ್ತಲಾದಲ್ಲಿ ಅವರ ಬಿಡಾರ. ಬಂಜಾರರಿಗೆ ಇದು ಹೊಸದೇನಲ್ಲ. ರೈಲು ಬರುವ ಮುಂಚೆ ಉಪ್ಪು, ದವಸವನ್ನು ಎತ್ತುಗಳ ಮೇಲೆ ಹೇರಿಕೊಂಡು ದೇಶದ ಉದ್ದಗಲ ಸಾಗಿಸುತ್ತಿದ್ದವರು ಅವರು. ಈಗ ನಾವು ಊರಿನ ಹೆಸರಿನಂತೆ ಬಳಸುವ ‘ತಾಂಡಾ’ ಎಂಬ ಮಾತು ಆಗ ಸಾಗುತ್ತಿದ್ದ ಆ ಗುಂಪಿನ ಹೆಸರು. ಅವರು ಬಯಲಲ್ಲಿ ಮಲಗಿದ್ದು ನೂರಾರು ಜನ ಒಟ್ಟಾಗಿ, ಎತ್ತು, ನಾಯಿ, ಕಾವಲಿನ ನಡುವೆ. ಒಬ್ಬೊಬ್ಬರೇ ಅಲ್ಲ.

ದಾವಣಗೆರೆಗೆ ಬಂದು ಬಸ್ಸು ಬದಲಿಸಿ ಜಗಳೂರಿನ ಕಡೆ ಹೊರಟರೆ ನೆಲದ ಬಣ್ಣವೇ ಬೇರೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆಯಂಚಿಗೆ, ಕಣಕ್ಕೆ ಕಾಳು ಹರವಿ, ರಾತ್ರಿ ತಾಡಪಾಲು ಮುಚ್ಚಿ, ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ ರೈತರು ಕಾಣುತ್ತಾರೆ. ಕುರಿಗಾಹಿಗಳೂ ಅಷ್ಟೆ. ಹುಲ್ಲು ಒಣಗಿದಾಗ ಕುರಿ ಹೊಡೆದುಕೊಂಡು ನೀರಾವರಿ ಸೀಮೆಗೆ ಇಳಿಯುತ್ತಾರೆ. ರೈತನನ್ನು ಕೇಳಿ, ಅವನ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಕುರಿಯ ಗೊಬ್ಬರ ಹೊಲಕ್ಕೆ, ಅದಕ್ಕೆ ಬದಲಾಗಿ ಕಾಳೋ ಕಾಸೋ ಕುರಿಗಾಹಿಗೆ. ಬಯಲಲ್ಲಿ ಮಲಗುವುದೆಂದರೆ ಬಿಟ್ಟಿ ಮಲಗುವುದಲ್ಲ, ಕೊಟ್ಟು ಕೊಳ್ಳುವುದು ಎಂಬುದನ್ನು ಇವರನ್ನು ನೋಡಿ ಕಲಿಯಬೇಕು.

ವಿದ್ಯಾರ್ಥಿಗಳು ಕೊಡಬಹುದಾದದ್ದು ಏನು? ಮೊದಲು ತಮ್ಮ ಪರಿಚಯ. ಹಳ್ಳಿಯ ಕಟ್ಟೆಯ ಮೇಲೆ ಚೀಲ ಇಳಿಸಿದರೆ ಹಿರಿಯರೊಬ್ಬರು ಕೇಳದೆ ಇರುವುದಿಲ್ಲ: “ಯಾವೂರಪ್ಪಾ ನಿಮ್ದು? ಊಟ ಆತಾ?” ಅದು ಬರೀ ಕುತೂಹಲವಲ್ಲ, ಊರಿನ ಕಾವಲು. “ಆತಜ್ಜಾ, ದಾವಣಗೆರೆ ಕಾಲೇಜಿನೋರು, ಬೆಳಿಗ್ಗೆ ಬಸ್ಸಿಗೆ ಹೋಗ್ತೀವಿ” ಎಂದು ನೇರವಾಗಿ ಹೇಳಿದವನಿಗೆ ಆ ಅಜ್ಜನ ಕಣ್ಣೇ ರಕ್ಷೆ. ಯಾರಿಗೂ ತಿಳಿಯದಂತೆ ಬಸ್ ನಿಲ್ದಾಣದ ಕತ್ತಲ ಮೂಲೆಯಲ್ಲಿ ಮಲಗಿದವನು ಊರಿನ ಕಣ್ಣಿಗೆ ಕಳ್ಳ, ಕಳ್ಳರ ಕಣ್ಣಿಗೆ ಬೇಟೆ. ಇದೇ ಕಟ್ಟೆ, ಇದೇ ಪೌಳಿ ಜಾತಿ ಕೇಳಿ ಕೆಲವರನ್ನು ದೂರವೂ ಇಟ್ಟಿದ್ದವು ಎಂಬುದನ್ನು ಮರೆಯಬಾರದು. ಅಂಥ ಪ್ರಶ್ನೆ ಎದುರಾದ ಕಡೆ ಯಾವ ಗೆಳೆಯನನ್ನೂ ಹೊರಗೆ ಬಿಟ್ಟು ಉಳಿದವರು ಒಳಗೆ ಮಲಗುವುದು ಬೇಡ. ಒಟ್ಟಿಗೆ ಮುಂದಿನ ಊರಿಗೆ ಹೋಗಿ.

ಅಪಾಯಗಳನ್ನೂ ಹೇಳಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳ ವನ್ಯಧಾಮ. ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಉಳಿಯುವುದು ಅಪರಾಧ, ಕರಡಿಗಳ ಭಯ ಬೇರೆ. ಕೆರೆ ಏರಿ, ಹೊಳೆ ದಡ, ಅಡಿಕೆ ತೋಟ ಮಲಗುವ ಜಾಗಗಳಲ್ಲ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಹೊತ್ತು ಕಚ್ಚುತ್ತದೆ. ನೋವು ಇಲ್ಲದ್ದರಿಂದ ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಬೆಳಗಾಗುವಾಗ ಹೊಟ್ಟೆನೋವು, ಮುಚ್ಚಿಕೊಳ್ಳುವ ರೆಪ್ಪೆ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಎತ್ತರದ ಕಟ್ಟೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆ ಪರದೆ, ತಲೆದೆಸೆಯಲ್ಲಿ ಟಾರ್ಚು: ಇಷ್ಟಿದ್ದರೆ ಅಪಾಯ ಬಹಳ ಕಡಿಮೆ.

ಇನ್ನು ಹೆಣ್ಣುಮಕ್ಕಳ ಮಾತು. “ಅಣ್ಣ ಹೋಗಬಹುದು, ನಾನು ಯಾಕೆ ಹೋಗಬಾರದು?” ಎಂದು ಮಗಳು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸುವುದು ಉತ್ತರವಲ್ಲ. ಬಸ್ಸು ಉಚಿತವಾದರೂ ರಾತ್ರಿ ಇನ್ನೂ ಅವಳದಾಗಿಲ್ಲ, ಅದು ಅವಳ ತಪ್ಪೂ ಅಲ್ಲ. ಆದರೆ ಜಾತ್ರೆಯ ರಾತ್ರಿ ನೋಡಿ. ಅಜ್ಜಿ, ಸೊಸೆ, ಮೊಮ್ಮಗಳು ಸಾಲಾಗಿ ಜಮಖಾನ ಹಾಸಿ ಗುಡಿಯ ಸುತ್ತ ಮಲಗುತ್ತಾರೆ. ಗುಂಪು, ಬೆಳಕು, ಪರಿಚಯ ಇದ್ದ ಕಡೆ ಹೆಂಗಸರೂ ಬಯಲಲ್ಲಿ ನಿದ್ದೆ ಮಾಡಿದ್ದಾರೆ. ಆದ್ದರಿಂದ ತಂದೆತಾಯಿಗಳಿಗೆ ಒಂದು ಸಲಹೆ: ಮಕ್ಕಳ ಮೊದಲ ಬಯಲು ರಾತ್ರಿ ನಿಮ್ಮ ಜೊತೆಯೇ ಆಗಲಿ. ಜಗಳೂರು ತಾಲ್ಲೂಕಿನ ಕೊಡದಗುಡ್ಡದ ವೀರಭದ್ರಸ್ವಾಮಿ ಜಾತ್ರೆಗೋ, ನಿಮ್ಮೂರ ಹತ್ತಿರದ ತೇರಿಗೋ ಬುತ್ತಿ ಕಟ್ಟಿಕೊಂಡು ಹೋಗಿ. ನಿಮ್ಮಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಗಾಡಿಯ ಕೆಳಗೆ ಮಲಗಿ ಜಾತ್ರೆ ಮಾಡಿದವರೇ. ಎಲ್ಲಿ ಮಲಗಬೇಕು, ಯಾರನ್ನು ಕೇಳಬೇಕು, ಯಾವ ಜಾಗ ನೋಡಿ ಮುಂದೆ ನಡೆಯಬೇಕು ಎಂಬುದನ್ನು ಪುಸ್ತಕ ಕಲಿಸುವುದಿಲ್ಲ, ನೀವು ಕಲಿಸಬಹುದು.

ಕೊನೆಗೊಂದು ಮಾತು ವಿದ್ಯಾರ್ಥಿಗಳಿಗೆ. ಅದೇ ನಿಲ್ದಾಣದಲ್ಲಿ, ಅದೇ ಕಟ್ಟೆಯ ಮೇಲೆ ಗುಳೆ ಹೊರಟ ಕೂಲಿಯವರು ಮಕ್ಕಳು ಮರಿಯೊಡನೆ ಮಲಗಿರುತ್ತಾರೆ. ನಿಮಗೆ ಎರಡು ದಿನದ ನಂತರ ಮನೆಯ ಹಾಸಿಗೆ ಇದೆ, ಅವರಿಗೆ ಇನ್ನೊಂದು ಊರಿನ ಬಯಲು. ಗಾಳಿ ಬರುವ ಒಳ್ಳೆಯ ಜಾಗವನ್ನು ಅವರಿಗೆ ಬಿಡಿ. ಅವರ ಫೋಟೋ ತೆಗೆಯಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮಡಿಸಿ, ಕಟ್ಟೆ ಗುಡಿಸಿ, ಜಾಗ ಕೊಟ್ಟವರಿಗೆ ಹೇಳಿ ಹೊರಡಿ. ನಿಮ್ಮ ನಂತರ ಬರುವ ಹುಡುಗರಿಗೆ ಆ ಊರು ಜಾಗ ಕೊಡುವುದೋ ಬಿಡುವುದೋ ಇದರ ಮೇಲೆ ನಿಂತಿದೆ.